ಅಮ್ಮ ಕಂಡ ಬ್ರೈಟನ್

ನಮ್ಮ ಬ್ರೈಟನ್ ಅಮ್ಮನಿಗೆ ಅಷ್ಟಾಗಿ ಹಿಡಿಸಲಿಲ್ಲ. ಕಡಲತೀರದಲ್ಲಿ ಮರಳಿಲ್ಲ, ಬರೀ ಉರುಟುಕಲ್ಲು. 2003ರಲ್ಲಿ ಸುಟ್ಟುಹೋದ ವೆಸ್ಟ್ ಪಿಯರಿನ ಕಬ್ಬಿಣದ ಅಸ್ಥಿಪಂಜರ ನೋಡಿ, "ಇದನ್ನ ಇನ್ನೂ ಯಾಕೆ ಇಟ್ಕೊಂಡಿದ್ದಾರೋ?" ಅಂದರು. ರಾಯಲ್ ಪೆವಿಲಿಯನ್ನಿನ ಗುಮ್ಮಟಗಳು ಕಂಡಾಗ ಮಾತ್ರ "ಅರೆ, ಮೈಸೂರು ಅರಮನೆ!" ಎಂದು ನಿಂತುಬಿಟ್ಟರು. 1815ರಲ್ಲಿ ಇದಕ್ಕೆ ಈ ರೂಪ ಕೊಡಲು ಹೊರಟ ಜಾನ್ ನ್ಯಾಶ್ ಇಂಡಿಯಾಕ್ಕೆ ಕಾಲಿಟ್ಟವನೇ ಅಲ್ಲ!

1914ರ ಕೊನೆಯಲ್ಲಿ, ಯುದ್ಧದಲ್ಲಿ ಗಾಯಗೊಂಡ ನಮ್ಮ ಸಿಪಾಯಿಗಳಿಗೆ ಈ ಅರಮನೆಯೇ ಆಸ್ಪತ್ರೆಯಾಯಿತು. ಜಾತಿ, ಮತ ನೋಡಿ ಒಂಬತ್ತು ಅಡುಗೆಮನೆ ಬೇರೆ!

"ಎಲ್ಲರೂ ಬದುಕಿದರೇನೋ?" ಅಮ್ಮ ಕೇಳಿದರು.

ಊರಿನ ಆಸ್ಪತ್ರೆಗಳಲ್ಲಿ ತೀರಿಕೊಂಡ ಹಿಂದೂ, ಸಿಖ್ ಸಿಪಾಯಿಗಳು 53 ಮಂದಿ. ಅವರನ್ನು ದಹನ ಮಾಡಿದ ಗುಡ್ಡದ ಮೇಲೆ ಬಿಳಿ ಅಮೃತಶಿಲೆಯ ಛತ್ರಿಯಿದೆ. ಮರುದಿನ ಹೋದೆವು. ಆ ಕೊರೆಯುವ ಗಾಳಿಯಲ್ಲೂ ಅಮ್ಮ ಶೂ, ಕಾಲುಚೀಲ ಬಿಚ್ಚಿಟ್ಟರು. ಪಕ್ಕದ ಕಲ್ಲಿನಲ್ಲಿ ಕೆತ್ತಿದ ಹೆಸರುಗಳನ್ನು ತೋರಿಸಿ, "ಓದಪ್ಪ, ಒಂದೂ ಬಿಡಬೇಡ" ಅಂದರು.