ಕಡಲ ಕರೆಗುಂಟ ಮೂರು ದಿನ

ಮೆಲ್ಬೋರ್ನಿನಿಂದ ಅಡಿಲೇಡಿಗೆ ಹೆದ್ದಾರಿ ಹಿಡಿದರೆ ಒಂದೇ ಹಗಲಿನ ಹಾದಿ. ಇಪ್ಪತ್ತು ಮಂದಿಯ ಪ್ರವಾಸಿ ಬಸ್ಸಾದರೋ ಕಡಲ ಕರೆಗುಂಟ ಸಾಗಿ, ಗ್ರಾಂಪಿಯನ್ಸ್ ಬೆಟ್ಟಗಳನ್ನು ಬಳಸಿ, ಮೂರು ದಿನಗಳಲ್ಲಿ ಊರು ಸೇರುತ್ತದೆ. ಈ ಕಡಲದಾರಿಯ ಪೂರ್ವಭಾಗವನ್ನು ಮೊದಲ ಮಹಾಯುದ್ಧದಿಂದ ಮರಳಿದ ಯೋಧರು 1919ರಿಂದ 1932ರವರೆಗೆ ಬಂಡೆ ಕಡಿದು, ಮಡಿದ ಸಂಗಾತಿಗಳ ಸ್ಮಾರಕವಾಗಿ ನಿರ್ಮಿಸಿದರು. ಮುಂದೆ ‘ಹನ್ನೆರಡು ಅಪೋಸ್ತಲರು’ ಎಂಬ ಸುಣ್ಣಕಲ್ಲಿನ ಸ್ತಂಭಗಳು. ಅವು ಹನ್ನೆರಡು ಎಂದೂ ಇರಲಿಲ್ಲ, 2005ರಲ್ಲಿ ಮತ್ತೊಂದು ಉರುಳಿತು.

ಆದರೆ ಬಸ್ಸಿನ ಹರಟೆಯೆಲ್ಲ ಅಡಗುವುದು ಸಮೀಪದ ಕಮರಿಯೊಂದರಲ್ಲಿ. 1878ರಲ್ಲಿ ‘ಲಾಕ್ ಆರ್ಡ್’ ಹಡಗು ಒಡೆದಾಗ 54 ಮಂದಿಯಲ್ಲಿ ಬದುಕಿದವರು ಇಬ್ಬರೇ. ದಡ ಸೇರಿದ್ದ ತರುಣ ನಾವಿಕ ಟಾಮ್ ಪಿಯರ್ಸ್ ಮರಳಿ ನೀರಿಗಿಳಿದು ಈವಾ ಕಾರ್ಮೈಕೇಲಳನ್ನು ಎಳೆದುತಂದನು. ಕಾದಂಬರಿಯಾಗಿದ್ದರೆ ಮುಂದಿನ ಸಂಚಿಕೆಯಲ್ಲಿ ಅವರ ವಿವಾಹ! ತಂದೆತಾಯಿಯರನ್ನೂ ಒಡಹುಟ್ಟಿದವರನ್ನೂ ಅಲ್ಲಿಯೇ ಕಳೆದುಕೊಂಡ ಆಕೆ ಐರ್ಲೆಂಡಿಗೆ ಹಿಂದಿರುಗಿದಳು. ತಾಯಿಯ ಗೋರಿ ಕಡಲ ಮೇಲಣ ದಿಬ್ಬದಲ್ಲಿ ಉಳಿದಿದೆ.