ಒಂದೇ ಕೋಲು, ಎರಡು ನೆರಳು

ಮಕ್ಕಳೇ, ನಮಗೆ ದಸರಾ ರಜೆ ಇರುವ ಹಾಗೆ ಇಂಗ್ಲೆಂಡಿನ ಮಕ್ಕಳಿಗೆ ಅಕ್ಟೋಬರ್ ಕೊನೆಯಲ್ಲಿ ಒಂದು ವಾರ ರಜೆ ಸಿಗುತ್ತದೆ. ಅಲ್ಲಿ ಶಾಲಾ ವರ್ಷಕ್ಕೆ ಮೂರು ಅವಧಿಗಳು. ಪ್ರತಿ ಅವಧಿಯ ನಡುವೆ ಬರುವ ಈ ಬಿಡುವಿಗೆ ‘ಹಾಫ್ ಟರ್ಮ್’ ಎನ್ನುತ್ತಾರೆ.

ನನ್ನ ತಂಗಿಯ ಕುಟುಂಬ ಲಂಡನ್ನಿನಲ್ಲಿದೆ. ತಂಗಿ ಅಲ್ಲಿ ನರ್ಸ್, ಮಗಳು ಐದನೆಯ ತರಗತಿ. 2024ರಲ್ಲಿ ರಜೆಗೆ ಮುಂಚಿನ ವಾರ ಅವರ ಮನೆಯ ಗಡಿಬಿಡಿಯನ್ನು ತುಮಕೂರಿನಲ್ಲಿ ಕುಳಿತು ಫೋನಿನಲ್ಲಿ ಕೇಳಿಯೇ ನನಗೆ ಸುಸ್ತಾಯಿತು! ಸೋಮವಾರ ಶಾಲೆಯಲ್ಲಿ ಫ್ಲೂ ಲಸಿಕೆ. ಸೂಜಿಯಲ್ಲ, ಮೂಗಿಗೆ ಸಿಂಪಡಿಸುವಂಥದ್ದು. ಮಂಗಳವಾರ ಪೋಷಕರ ಸಭೆ. ಬುಧವಾರ ಆಟದ ಬಟ್ಟೆ, ಬೂಟು. ದಿನವೂ ಊಟದ ಡಬ್ಬಿ. ತರಗತಿಯ ಒಬ್ಬ ಮಗುವಿಗೆ ಕಡಲೆಕಾಯಿ ಬೀಜದ ಅಲರ್ಜಿ ಇದ್ದುದರಿಂದ ಚಿತ್ರಾನ್ನಕ್ಕೂ ಬೀಜ ಹಾಕುವಂತಿಲ್ಲ. ತಂಗಿಗೆ ರಾತ್ರಿ ಪಾಳಿ ಇದ್ದ ದಿನ ಜಡೆ ಹಾಕುವ ಕೆಲಸ ಅಪ್ಪನದು.

ಇಷ್ಟರ ನಡುವೆ ಪ್ರತಿ ಬೆಳಿಗ್ಗೆ ಒಂದು ಜಗಳ. ಮಗುವಿಗೆ ಕೆಲವು ತಿಂಗಳಿಂದ ಕಾಲು ನೋವು. ರಕ್ತ ಪರೀಕ್ಷೆ ಮಾಡಿದ ವೈದ್ಯರು, ಡಿ ಜೀವಸತ್ವ ಕಡಿಮೆಯಾಗಿದೆ ಎಂದು ಹೇಳಿ ದಿನವೂ ಹಾಕಲು ಹನಿ ಔಷಧಿ ಕೊಟ್ಟಿದ್ದರು. ಅವಳು ಬಾಯಿ ತೆರೆಯುತ್ತಿರಲಿಲ್ಲ.

“ದೊಡ್ಡಮ್ಮ, ತುಮಕೂರಿನಲ್ಲಿ ನನಗೆ ಯಾರೂ ಇದನ್ನು ಕುಡಿಸಲಿಲ್ಲ. ಅಲ್ಲಿರೋ ಸೂರ್ಯನೇ ಇಲ್ಲೂ ಇದ್ದಾನಲ್ಲ? ಮತ್ಯಾಕೆ?” ಎಂದು ಕೇಳಿದಳು.

ಎಂಥ ಒಳ್ಳೆಯ ಪ್ರಶ್ನೆ! ಇದಕ್ಕೆ ಗದರಿಕೆ ಉತ್ತರವಲ್ಲ. “ನೀನು ಒಂದು ಕೋಲು ನೆಡು, ನಾನೂ ನೆಡುತ್ತೇನೆ” ಎಂದೆ.

ಗುರುವಾರ ಇಬ್ಬರೂ 1 ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿದೆವು. ನೆರಳು ಅತಿ ಚಿಕ್ಕದಾಗುವ ಹೊತ್ತಿನಲ್ಲಿ ಅಳೆಯಬೇಕು. ನಮ್ಮಲ್ಲಿ ಅದು 12 ಗಂಟೆ ದಾಟಿದ ಕೂಡಲೇ ಬಂತು. ನೆರಳು ಸುಮಾರು 47 ಸೆಂಟಿಮೀಟರ್. ಲಂಡನ್ನಿನಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು 1 ಗಂಟೆ ಮುಂದೆ ಇಟ್ಟಿರುತ್ತಾರೆ. ಹಾಗಾಗಿ ಅಲ್ಲಿ ಸುಮಾರು 12.45ಕ್ಕೆ, ಊಟದ ಬಿಡುವಿನಲ್ಲಿ, ಟೀಚರ ಅನುಮತಿ ಪಡೆದು ಅವಳು ಅಳೆದಳು. ಸಂಜೆ ಫೋನಿನಲ್ಲಿ ಅವಳ ಕೂಗು ಕೇಳಬೇಕಿತ್ತು: “ದೊಡ್ಡಮ್ಮ, 2 ಮೀಟರ್!”

ಒಂದೇ ದಿನ, ಒಂದೇ ಸೂರ್ಯ, ಒಂದೇ ಅಳತೆಯ ಕೋಲು. ನೆರಳು ಮಾತ್ರ ನಾಲ್ಕು ಪಟ್ಟು ಉದ್ದ. ಏಕೆ ಗೊತ್ತೇ?

ತುಮಕೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಲಂಡನ್ 51.5 ಡಿಗ್ರಿಯಲ್ಲಿದೆ. ಭೂಮಿಯ ಅಕ್ಷ ಓರೆಯಾಗಿರುವುದರಿಂದ ಅಕ್ಟೋಬರಿನಲ್ಲಿ ಉತ್ತರಾರ್ಧಗೋಳ ಸೂರ್ಯನಿಂದ ಆಚೆಗೆ ವಾಲಿರುತ್ತದೆ. ಆ ದಿನ ನಡುಹಗಲಿನಲ್ಲಿ ನಮ್ಮ ಸೂರ್ಯ ಸುಮಾರು 65 ಡಿಗ್ರಿ ಎತ್ತರದಲ್ಲಿದ್ದ. ಅಲ್ಲಿ ಬರೀ 27 ಡಿಗ್ರಿ. ಓರೆಯಾಗಿ ಬರುವ ಕಿರಣಗಳು ಹೆಚ್ಚು ಗಾಳಿಯನ್ನು ದಾಟಬೇಕು. ದಾರಿಯಲ್ಲೇ ಓಝೋನ್ ಅನಿಲವು ನೇರಳಾತೀತ ‘ಬಿ’ ಕಿರಣಗಳ ಬಹುಪಾಲನ್ನು ಹೀರಿಕೊಳ್ಳುತ್ತದೆ. ನಮ್ಮ ಚರ್ಮ ಡಿ ಜೀವಸತ್ವ ತಯಾರಿಸಲು ಬೇಕಾದದ್ದು ಅವೇ ಕಿರಣಗಳು! ನಮ್ಮ ಕಂದು ಚರ್ಮದಲ್ಲಿ ಮೆಲನಿನ್ ಹೆಚ್ಚು. ಇಲ್ಲಿಯ ಬಿರುಬಿಸಿಲಿನಲ್ಲಿ ಅದು ರಕ್ಷಾಕವಚ. ಅಲ್ಲಿಯ ಮಂದ ಬಿಸಿಲಿನಲ್ಲಿ ಅದೇ ಕವಚ ತಡೆಯಾಗುತ್ತದೆ.

ಆಹಾರದ ಕ್ಯಾಲ್ಸಿಯಂ ದೇಹಕ್ಕೆ ಸೇರಲು ಡಿ ಜೀವಸತ್ವ ಬೇಕು. ಅದು ತೀರಾ ಕಡಿಮೆಯಾದರೆ ಮಕ್ಕಳ ಮೂಳೆ ಮೆತ್ತಗಾಗಿ ಕಾಲು ಬಾಗುವ ರಿಕೆಟ್ಸ್ ಬರಬಹುದು. ಶರತ್ಕಾಲ ಮತ್ತು ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ಡಿ ಜೀವಸತ್ವ ತೆಗೆದುಕೊಳ್ಳುವುದು ಒಳ್ಳೆಯದೆಂದು ಆ ದೇಶದ ಸರ್ಕಾರವೇ ಜನರಿಗೆ ಸಲಹೆ ಕೊಡುತ್ತದೆ.

ಶುಕ್ರವಾರ ಬೆಳಿಗ್ಗೆ ಔಷಧಿಯ ಬಾಟಲಿಯನ್ನು ಅವಳೇ ಅಮ್ಮನ ಕೈಗೆ ತಂದುಕೊಟ್ಟಳಂತೆ.

ಹಾಗೆಂದು ನಮಗೆ ಚಿಂತೆಯೇ ಇಲ್ಲ ಎನ್ನಬೇಡಿ. ಬಿಸಿಲಿನ ನಾಡಿನಲ್ಲಿದ್ದರೂ ದಿನವಿಡೀ ಮನೆಯೊಳಗೇ ಕುಳಿತರೆ ನಮಗೂ ಈ ಕೊರತೆ ಬರುತ್ತದೆ. ಹೊರಗೆ ಆಡಿ. ಔಷಧಿ ಮಾತ್ರ ವೈದ್ಯರು ಹೇಳಿದರಷ್ಟೇ.

ನೀವೂ ಮಾಡಿ ನೋಡಿ: ಶಾಲೆಯ ಅಂಗಳದಲ್ಲಿ 1 ಮೀಟರ್ ಕೋಲು ನೆಟ್ಟು, ತಿಂಗಳಿಗೊಮ್ಮೆ ನಡುಹಗಲಿನ ನೆರಳನ್ನು ಅಳೆದು ಬರೆದಿಡಿ. ಸೂರ್ಯನನ್ನು ನೇರವಾಗಿ ನೋಡಬೇಡಿ. ಡಿಸೆಂಬರಿನಲ್ಲಿ ನೆರಳು ಎಷ್ಟಿರಬಹುದು? ಮೊದಲು ಊಹಿಸಿ, ಆಮೇಲೆ ಅಳೆಯಿರಿ.