ಓದಲಾಗದ ಬರಹ, ಓದಗೊಡದ ಬರಹ

ರಾಯಚೂರು ಜಿಲ್ಲೆಯಲ್ಲಿ ಉರ್ದು ಬಲ್ಲವನಿಗೆ ಒಂದು ಬಿಟ್ಟಿ ನೌಕರಿ ಕಾಯಂ. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಹಾಗಾಗಿ ಮಾನ್ವಿ, ದೇವದುರ್ಗ ಕಡೆಯ ಜನ ಅಜ್ಜನ ಕಾಲದ ಉರ್ದು ಕಂದಾಯ ಕಾಗದಗಳನ್ನು ಓದಿಸಲು ನನ್ನಲ್ಲಿಗೆ ತರುತ್ತಾರೆ. “ತಿಳೀಬಾರ್ದಂತ ಬೇಕಂತಲೇ ಹಿಂಗ ಬರ್ದಾರೇನ್ರಿ?” ಎನ್ನುತ್ತಾರೆ.

ಅವರ ಅನುಮಾನ ಸಹಜ. ಶಿಕಸ್ತಾ ಎಂಬ ಆ ಬರಹದ ಹೆಸರಿಗೇ ಮುರಿದದ್ದು ಎಂಬ ಅರ್ಥ. ಚುಕ್ಕೆಗಳು ಮಾಯ, ಬಿಡಿಯಾಗಿರಬೇಕಾದ ಅಕ್ಷರಗಳು ಒಂದಕ್ಕೊಂದು ಅಂಟಿರುತ್ತವೆ. ಮೊತ್ತಗಳೂ ಎಷ್ಟೋ ಕಡೆ ಅಂಕಿಯಲ್ಲಿರದೆ ರಕಮ್‌ನಲ್ಲಿ, ಅಂದರೆ ಅರಬಿ ಸಂಖ್ಯಾಪದಗಳ ಮೊಟಕು ರೂಪದಲ್ಲಿರುತ್ತವೆ. ಆದರೆ ಇದು ದಫ್ತರದ ಅವಸರದ ಕೈಬರಹ. ಬರೆದ ಗುಮಾಸ್ತನೂ ಇದನ್ನೇ ಓದುತ್ತಿದ್ದ.

ಕಂಪ್ಯೂಟರ್ ಕೆಲಸದ ನನ್ನ ಸೋದರಳಿಯ ಹೇಳುವಂತೆ ಅವರಲ್ಲೂ ಇದೇ ಪ್ರಶ್ನೆಯಿದೆ. ಓಪನ್ ಸೋರ್ಸ್ ಎಂದು ಕರೆಸಿಕೊಳ್ಳುವ ತಂತ್ರಾಂಶದ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಎಲ್ಲರಿಗೂ ಸಿಗಬೇಕು. ಅದನ್ನು ಬೇಕೆಂದೇ ಗೋಜಲು ಮಾಡಿರಬಾರದು ಎಂಬುದು ನಿಯಮ. ಅಸಲು, ಬಡ್ಡಿ ಎಂದಿದ್ದ ಹೆಸರುಗಳನ್ನು ಕ1, ಕ2 ಎಂದು ಬದಲಿಸಿ, ವಿವರಣೆಗಳನ್ನೆಲ್ಲ ಅಳಿಸಿದರೂ ಯಂತ್ರ ಅದೇ ಲೆಕ್ಕ ಕೊಡುತ್ತದೆ. ತಿದ್ದಲು ಕೂತ ಮನುಷ್ಯ ಮಾತ್ರ ಸೋಲುತ್ತಾನೆ.

ಆದರೆ ‘ಬೇಕೆಂದೇ’ ಎಂದು ತಿಳಿಯುವುದು ಹೇಗೆ? ಕಲಿಯುವ ಹುಡುಗನ ಕೋಡ್ ಕೂಡ ಗೋಜಲೇ. ಬೇಗ ಇಳಿಯಲೆಂದು ವೆಬ್‌ಪುಟದ ಕೋಡನ್ನು ಹಿಂಡಿ ಕಿರಿದು ಮಾಡುತ್ತಾರೆ. 1984ರಲ್ಲಿ ಶುರುವಾದ ಒಂದು ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಂತೂ ಸಿ ಭಾಷೆಯಲ್ಲಿ ಅರ್ಥವಾಗದಂತೆ ಬರೆದವರಿಗೇ ಗೆಲುವು! ಅದು ನಮ್ಮ ಅಲ್ಲಮನ ಬೆಡಗು, ಕನಕದಾಸರ ಮುಂಡಿಗೆಗಳ ದಾರಿ. ಜಗನ್ನಾಥದಾಸರ ಊರಾದ ಮಾನ್ವಿಯವರಿಗೆ ಮುಂಡಿಗೆ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಗಂಟು ಹಾಕುವುದೇ ಕೇಳುಗ ಬಿಚ್ಚಲಿ ಎಂದು.

ಗ್ನೂ ಜಿಪಿಎಲ್ ಎಂಬ ಪರವಾನಗಿಯ 1991ರ ಎರಡನೆಯ ಆವೃತ್ತಿ ಇದಕ್ಕೊಂದು ಸರಳ ಅಳತೆಗೋಲು ಕೊಟ್ಟಿದೆ: ತಿದ್ದಲು ಯಾವ ರೂಪ ಅನುಕೂಲವೋ ಅದೇ ಸೋರ್ಸ್ ಕೋಡ್. ಅಂದರೆ, ನೀನು ಯಾವ ಪ್ರತಿ ಇಟ್ಟುಕೊಂಡು ಕೆಲಸ ಮಾಡುತ್ತೀಯೋ ಅದನ್ನೇ ನನಗೂ ಕೊಡು. ತಿಳಿಯಾದದ್ದನ್ನು ಪೆಟ್ಟಿಗೆಯಲ್ಲಿಟ್ಟು ಕಲಕಿದ್ದನ್ನು ನನ್ನ ಕೈಗಿಟ್ಟರೆ, ಅದು ಬೇಕೆಂದೇ ಮಾಡಿದ್ದು. ಎಷ್ಟು ಕಠಿಣವಾಗಿದೆ ಎಂಬುದಲ್ಲ, ಎಷ್ಟು ಪ್ರತಿಗಳಿವೆ ಎಂಬುದೇ ಇಲ್ಲಿ ಮುಖ್ಯ.

ಈ ಮಾತು ನನಗೆ ನಾಟಿದ್ದು ದೇವದುರ್ಗ ಕಡೆಯ ರೈತನೊಬ್ಬ ತಂದ ಸಾಲದ ಚೀಟಿಯಿಂದ. ಮುದ್ದಾದ ಕನ್ನಡ ಅಕ್ಷರ, ಒಂದೂ ತಪ್ಪಿಲ್ಲ. ಆದರೆ ಅಸಲು, ಬಡ್ಡಿ, ಕಟ್ಟಿದ್ದು ಎಲ್ಲ ಸೇರಿಸಿ ಒಂದೇ ಮೊತ್ತ. ಪಕ್ಕದಲ್ಲಿ ಸಾಲ ಕೊಟ್ಟವನಿಗಷ್ಟೇ ಗೊತ್ತಿರುವ ಗುರುತುಗಳು. ಅವನ ವಹಿಯಲ್ಲಿ ಅದೇ ಲೆಕ್ಕ ಬಿಡಿಬಿಡಿಯಾಗಿತ್ತಂತೆ. ಶಿಕಸ್ತಾವನ್ನು ತಾಸುಗಟ್ಟಲೆ ಕೂತು ಓದಿಬಿಡುವ ನಾನು, ಆ ನಾಲ್ಕು ಸಾಲು ಕನ್ನಡವನ್ನು ಅವನಿಗೆ ಬಿಡಿಸಿ ಹೇಳಲಾರದಾದೆ. ಚೀಟಿ ಓದಿಸುತ್ತ ತಿರುಗಬೇಡ, ಹೋಗಿ ವಹಿ ತೋರಿಸು ಅನ್ನು ಎಂದೆ.